ದಾಳಿಂಬೆ, ಈರುಳ್ಳಿ, ಹೋಳಿಗೆ: ಹಡಗೋ ವಿಮಾನವೋ, ಎಷ್ಟು ದೊಡ್ಡ ಕಂಟೈನರ್?

ಈ ತಿಂಗಳಲ್ಲೇ ಮೂರು ಜನ ನನ್ನ ಹತ್ತಿರ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ತಂದರು. ಹಿರಿಯೂರು ಕಡೆಯ ದಾಳಿಂಬೆ ಬೆಳೆಗಾರರ ಗುಂಪಿನ ಅಣ್ಣ ಒಬ್ಬರಿಗೆ ದುಬೈಯಿಂದ ಬೇಡಿಕೆ ಬಂದಿದೆ. ದಾವಣಗೆರೆಯಲ್ಲಿ ಹತ್ತು ಹೆಂಗಸರ ಜೊತೆ ರೊಟ್ಟಿ, ಹೋಳಿಗೆ ಮಾಡಿಸುವ ಅಕ್ಕನಿಗೆ ಅಮೆರಿಕದ ಅಂಗಡಿಯವರು ಫ್ರೋಜನ್ ಹೋಳಿಗೆ ಕೇಳಿದ್ದಾರೆ. ಚಳ್ಳಕೆರೆಯ ಹುಡುಗನೊಬ್ಬನಿಗೆ ತನ್ನೂರ ಈರುಳ್ಳಿಯನ್ನು ಮಲೇಷ್ಯಾಕ್ಕೆ ಕಳಿಸುವ ಆಸೆ. ಮೂವರದೂ ಅದೇ ಗೊಂದಲ. ವಿಮಾನವೋ ಹಡಗೋ? ಹಡಗಾದರೆ 20 ಅಡಿಯದೋ 40 ಅಡಿಯದೋ? ಮುಂಬೈಯೋ, ಮಂಗಳೂರೋ, ಚೆನ್ನೈಯೋ?

ಚಿತ್ರದುರ್ಗ ಜಿಲ್ಲೆಯ ತೋಟಗಳಿಂದ ರೀಫರ್ ಕಂಟೈನರ್ ತುಂಬಿಸುವ ಕೆಲಸವನ್ನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ರೀಫರ್ ಅಂದರೆ ತಂಪಿನ ಯಂತ್ರ ಇರುವ ಕಂಟೈನರ್. ಅದರ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರೀಫರ್ ಇರುವುದು ತಣ್ಣಗಾಗಿ ಬಂದ ಮಾಲನ್ನು ಹಾಗೇ ಕಾಯುವುದಕ್ಕೆ. ಬಿಸಿ ಮಾಲನ್ನು ತಣ್ಣಗೆ ಮಾಡುವ ಶಕ್ತಿ ಅದಕ್ಕೆ ಸಾಲದು. ಇದು ತಿಳಿಯದೆ ಎಂಥ ಒಳ್ಳೆ ಹಡಗು ಹಿಡಿದರೂ ಪ್ರಯೋಜನ ಇಲ್ಲ.

ಬಾಡಿಗೆ ಕೇಳುವ ಮೊದಲು

ಎಲ್ಲರೂ ಮೊದಲು ಕೇಳುವುದು ಬಾಡಿಗೆ ಎಷ್ಟು ಅಂತ. ನಾನು ಅದನ್ನು ಕೊನೆಗೆ ಇಡುತ್ತೇನೆ. ಮೊದಲು ನೋಡಬೇಕಾದ್ದು ಮಾಲಿನ ಆಯುಸ್ಸು. ಭಗ್ವಾ ತಳಿಯ ದಾಳಿಂಬೆಯನ್ನು 5ರಿಂದ 7 ಡಿಗ್ರಿಯಲ್ಲಿ, ಗಾಳಿಯಲ್ಲಿ ಶೇಕಡ 90ರಿಂದ 95ರಷ್ಟು ತೇವ ಇಟ್ಟು ಕಾಪಾಡಿದರೆ ಎರಡು ತಿಂಗಳು ಧಾರಾಳವಾಗಿ ಬಾಳುತ್ತದೆ. 5ಕ್ಕಿಂತ ಕೆಳಗೆ ಹೋದರೆ ಚಳಿ ಹೊಡೆದು ಸಿಪ್ಪೆ ಕಂದು ಆಗುತ್ತದೆ. ಬಾಳೆಗೆ 13-14 ಡಿಗ್ರಿ ಬೇಕು. ಹೋಳಿಗೆಗೆ ಮೈನಸ್ 18. ಪ್ರಯಾಣದ ದಿನ ಕಳೆದ ಮೇಲೂ ಅಂಗಡಿಯ ಕಪಾಟಿನಲ್ಲಿ ಎರಡು ವಾರ ನಿಲ್ಲುವಷ್ಟು ಆಯುಸ್ಸು ಉಳಿಯಬೇಕು. ಬರೀ ಬಂದರು ಮುಟ್ಟಿದರೆ ಸಾಲದು, ಅಲ್ವಾ?

ಎರಡನೆಯದು, ಒಂದೇ ಗ್ರೇಡಿನ ಮಾಲನ್ನು ಎರಡು ಮೂರು ದಿನದಲ್ಲಿ ಎಷ್ಟು ಕೂಡಿಸಬಲ್ಲಿರಿ ಅನ್ನುವುದು. ಮೂರನೆಯದು, ಕೊಯ್ದ ಮೇಲೆ ತಣ್ಣಗೆ ಮಾಡುವ ಜಾಗ ನಿಮ್ಮ ಹತ್ತಿರ ಇದೆಯಾ. ನಾಲ್ಕನೆಯದು ಕಾಗದ ಪತ್ರ. ಐದನೆಯದನ್ನು ಬಹಳ ಜನ ಮರೆಯುತ್ತಾರೆ. ದುಡ್ಡು ಎರಡು ತಿಂಗಳು ಬರದೇ ಇದ್ದರೆ ಮನೆ ನಡೆಯುತ್ತಾ? ಹಣ್ಣಿನ ವ್ಯಾಪಾರದಲ್ಲಿ ಅಲ್ಲಿಯವರು ಮಾರಿ, ತಮ್ಮ ಕಮಿಷನ್ ಹಿಡಿದು, ಉಳಿದದ್ದು ಕಳಿಸುವ ಪದ್ಧತಿ ತುಂಬಾ ಇದೆ. ಆ ಕರಾರಿನಲ್ಲಿ ನಷ್ಟವೆಲ್ಲ ಬೆಳೆದವರ ತಲೆಗೆ. ಮೊದಲ ಸಲ ವ್ಯವಹಾರ ಮಾಡುವವರು ಒಂದಷ್ಟು ಮುಂಗಡ ಇಲ್ಲವೇ ದುಡ್ಡಿಗೆ ಖಾತರಿ ಕೊಡುವ ಬ್ಯಾಂಕಿನ ಎಲ್‌ಸಿ ಇಲ್ಲದೆ ಕಂಟೈನರ್ ಬಾಗಿಲು ಮುಚ್ಚಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದುಡ್ಡು ಮುಳುಗುವ ಭಯಕ್ಕೆ ಕೇಂದ್ರ ಸರ್ಕಾರದ ಇಸಿಜಿಸಿ ಕಂಪನಿಯ ವಿಮೆಯೂ ಇದೆ.

ಸೂಜಿ ಚುಚ್ಚಿ ನೋಡದ ದಿನ

ಮೂರನೇ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ನನಗೆ ಜಾಸ್ತಿ ಪಾಠ ಕಲಿಸಿದ್ದು ಅದೇ.

ಒಂದು ಏಪ್ರಿಲ್. ಹಿರಿಯೂರಿನ ಬಿಸಿಲು ನಿಮಗೆ ಗೊತ್ತು. ಕೊಯ್ಲು 11 ಗಂಟೆಯವರೆಗೆ ಎಳೆಯಿತು. ಹಣ್ಣನ್ನು ಪೆಟ್ಟಿಗೆಗೆ ತುಂಬಿ, ಹಲಗೆಯ ಮೇಲೆ ಪೇರಿಸಿ ಪ್ಯಾಲೆಟ್ ಕಟ್ಟಿ, ಬಾಡಿಗೆಯ ಕೋಲ್ಡ್ ರೂಮಿನಲ್ಲಿ ರಾತ್ರಿ ಇಟ್ಟೆವು. ಬೆಳಿಗ್ಗೆ ಗೋಡೆಯ ಮೀಟರ್ 6 ಡಿಗ್ರಿ ತೋರಿಸುತ್ತಿತ್ತು. ಟ್ರೈಲರ್ ಬಂದು ನಿಂತಿತ್ತು. ಹೊರಡುವ ಅವಸರ ಎಲ್ಲರಿಗೂ. ತುಂಬಿದೆವು, ಸೀಲ್ ಹಾಕಿದೆವು. ಪ್ಯಾಲೆಟ್ಟಿನ ನಡುವಿನ ಪೆಟ್ಟಿಗೆ ಬಿಚ್ಚಿ ಒಂದು ಹಣ್ಣಿಗೂ ಥರ್ಮಾಮೀಟರ್ ಸೂಜಿ ಚುಚ್ಚಲಿಲ್ಲ.

ದುಬೈಯ ಜೆಬೆಲ್ ಅಲಿ ಬಂದರಿನಲ್ಲಿ ಬಾಗಿಲು ತೆಗೆದಾಗ ಅಂಚಿನ ಪೆಟ್ಟಿಗೆಗಳು ಚೆನ್ನಾಗಿಯೇ ಇದ್ದವು. ನಡುವಿನವನ್ನು ಬಿಚ್ಚಿದರೆ ಹಣ್ಣಿನ ಕಿರೀಟದೊಳಗೆ ಬೂದು ಬೂಷ್ಟು. ಸಿಪ್ಪೆ ಕೆಂಪಾಗಿ ಹೊಳೆಯುತ್ತಿತ್ತು, ಕಿರೀಟ ಅಗಲಿಸಿದರೆ ಹತ್ತಿಯಂಥದ್ದು. ಪೆಟ್ಟಿಗೆಯಲ್ಲಿಟ್ಟಿದ್ದ, ತಾಪಮಾನ ಬರೆದಿಡುವ ಲಾಗರ್‌ನ ಗೆರೆ ನೋಡಿದಾಗ ಎಲ್ಲ ತಿಳಿಯಿತು. ಹೊರಡುವಾಗ ಅಲ್ಲಿ 19 ಡಿಗ್ರಿ ಇತ್ತು. 7ಕ್ಕೆ ಇಳಿಯಲು ನಾಲ್ಕು ದಿನ ಹಿಡಿದಿತ್ತು. ಆ ನಾಲ್ಕು ದಿನ ಬೂಷ್ಟಿಗೆ ಸಾಕಾಯಿತು. ಬೆಳೆಗಾರರ ಮನೆ ಬಾಗಿಲಿಗೆ ಹೋಗಿ ಆ ಲೆಕ್ಕ ಹೇಳಿದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಸುಮ್ನೆ ತಣ್ಣನೆ ಕೋಣೆಯಲ್ಲಿ ಇಟ್ಟರೆ ಕಟ್ಟಿದ ಪ್ಯಾಲೆಟ್ಟಿನ ಒಡಲು ತಣ್ಣಗಾಗಲು ದಿನಗಟ್ಟಲೆ ಬೇಕು. ಪೆಟ್ಟಿಗೆಗಳ ತೂತಿನ ಮೂಲಕ ಫ್ಯಾನ್ ಹಾಕಿ ತಣ್ಣನೆ ಗಾಳಿ ಎಳೆಯುವ ಪ್ರಿ-ಕೂಲಿಂಗ್ ಕೋಣೆ ಇದ್ದರೆ ಅದೇ ಕೆಲಸ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಅದಕ್ಕೇ ಪ್ಯಾಕ್‌ಹೌಸ್ ಆರಿಸುವಾಗ ಗ್ರೇಡಿಂಗ್ ಯಂತ್ರಕ್ಕಿಂತ ಮೊದಲು ಪ್ರಿ-ಕೂಲಿಂಗ್ ಕೋಣೆ ಎಲ್ಲಿದೆ ಅಂತ ಕೇಳಿ.

ಕಂಟೈನರಿನ ಒಳಗೂ ಗಾಳಿಯ ದಾರಿ ತಿಳಿದಿರಬೇಕು. ರೀಫರಿನಲ್ಲಿ ತಣ್ಣನೆ ಗಾಳಿ ನೆಲದ ಉದ್ದಕ್ಕೂ ಇರುವ ತೋಡುಗಳಿಂದ ಮೇಲಕ್ಕೆ ಏಳುತ್ತದೆ. ಹಣ್ಣು, ತರಕಾರಿ ಉಸಿರಾಡುತ್ತವೆ, ಶಾಖ ಬಿಡುತ್ತವೆ. ಆದ್ದರಿಂದ ಗಾಳಿ ಪೆಟ್ಟಿಗೆಗಳ ಒಳಗಿಂದಲೇ ಹಾಯಬೇಕು. ಕೆಳಗಿನ ಪೆಟ್ಟಿಗೆಯ ತೂತು ಮೇಲಿನದರ ತೂತಿಗೆ ನೇರವಾಗಿ ಕೂರಬೇಕು. ಹೊರಗಿನ ಗಾಳಿಯ ಕಿಟಕಿಯನ್ನೂ ಅಳತೆ ಮಾಡಿ ತೆರೆಯಬೇಕು. ಫ್ರೋಜನ್ ಮಾಲು ಉಸಿರಾಡುವುದಿಲ್ಲ. ಅದನ್ನು ಒತ್ತಾಗಿ ಜೋಡಿಸಿ, ಗಾಳಿ ಸುತ್ತಲೂ ಹರಿದರೆ ಸಾಕು, ಕಿಟಕಿ ಪೂರ್ತಿ ಮುಚ್ಚಿರಬೇಕು. ಎರಡಕ್ಕೂ ಗೋಡೆಯ ಮೇಲಿನ ಕೆಂಪು ಗೆರೆ ದಾಟಿ ತುಂಬುವ ಹಾಗಿಲ್ಲ.

ವಿಮಾನ

ಬೇಗ ಹೇಳಿ ಮುಗಿಸುತ್ತೇನೆ. ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್. ಹೆದ್ದಾರಿ 48ರಲ್ಲಿ ಬೆಳಿಗ್ಗೆ ಬಿಟ್ಟರೆ ಮಧ್ಯಾಹ್ನದೊಳಗೆ ವಿಮಾನ ನಿಲ್ದಾಣ. ಮರುದಿನ ಮಾಲು ಗಲ್ಫ್‌ನಲ್ಲಿ. ಅರ್ಧ ಟನ್, ಒಂದು ಟನ್ ಇದ್ದರೂ ಕಳಿಸಬಹುದು, ದುಡ್ಡೂ ಬೇಗ ತಿರುಗುತ್ತದೆ. ಆದರೆ ಬಾಡಿಗೆ ಕೆಜಿ ಲೆಕ್ಕದಲ್ಲಿ ಬೀಳುತ್ತದೆ. ಹಗುರ ಮಾಲಾದರೆ ಜಾಗದ ಲೆಕ್ಕ ಹಿಡಿಯುತ್ತಾರೆ, ಒಂದು ಘನ ಮೀಟರಿಗೆ 167 ಕೆಜಿ ಅಂತ. ಹೊಸ ಗಿರಾಕಿಗೆ ಸ್ಯಾಂಪಲ್, ಬಿಡಿಸಿದ ತಾಜಾ ದಾಳಿಂಬೆ ಕಾಳು, ಸೊಪ್ಪು, ಹೂವು ಇವಕ್ಕೆ ಸರಿ. ಹಡಗಿನಲ್ಲಿ ಬಾಳುವ ಇಡೀ ಹಣ್ಣನ್ನು ಪ್ರತಿ ಸಲ ವಿಮಾನಕ್ಕೆ ಏರಿಸುವುದು ನನಗೆ ದುಡ್ಡು ಕೈಬಿಟ್ಟ ಹಾಗೆ ಕಾಣುತ್ತದೆ. ಫ್ರೋಜನ್ ಮಾಲಿಗೆ ಡ್ರೈ ಐಸ್ ಖರ್ಚೂ ಸೇರುತ್ತದೆ, ಅದನ್ನು ಬಿಟ್ಟೇಬಿಡಿ.

40 ಅಡಿ, 20 ಅಡಿ

ಹಡಗಿನಲ್ಲಿ ಬಾಡಿಗೆ ಕಂಟೈನರಿಗೆ, ಕೆಜಿಗೆ ಅಲ್ಲ. ತುಂಬಿದ್ದರೂ ಅಷ್ಟೇ, ಅರ್ಧ ಇದ್ದರೂ ಅಷ್ಟೇ. 40 ಅಡಿಯ ಎತ್ತರದ ರೀಫರಿನಲ್ಲಿ ಸುಮಾರು 67 ಘನ ಮೀಟರ್ ಜಾಗ. ಮೂರು ಕೆಜಿಯ ದಾಳಿಂಬೆ ಪೆಟ್ಟಿಗೆ ಆದರೆ 14 ಟನ್ ಹತ್ತಿರ ಹಿಡಿಯುತ್ತದೆ. 2025ರಲ್ಲಿ ಅಮೆರಿಕಕ್ಕೆ ಹಡಗಿನಲ್ಲಿ ಹೋದ ಪ್ರಯೋಗದ ದಾಳಿಂಬೆ ಲೋಡಿನ ತೂಕವೂ ಅಷ್ಟೇ ಇತ್ತು. ಐದು ವಾರದಲ್ಲಿ ಅದು ಅಲ್ಲಿನ ಪೂರ್ವ ಕರಾವಳಿ ಮುಟ್ಟಿತು.

ಲೆಕ್ಕಕ್ಕೆ ಅಂತ ತೋಟದಿಂದ ದುಬೈವರೆಗಿನ ಒಟ್ಟು ಖರ್ಚು 3 ಲಕ್ಷ ರೂಪಾಯಿ ಅಂದುಕೊಳ್ಳಿ. 14 ಟನ್ ತುಂಬಿದರೆ ಕೆಜಿಗೆ 21 ರೂಪಾಯಿ ಚಿಲ್ಲರೆ. ಏಳೇ ಟನ್ ತುಂಬಿದರೆ 43 ರೂಪಾಯಿ. ನಿಮ್ಮ ಲಾಭ ಪೂರ್ತಿ ಈ ವ್ಯತ್ಯಾಸದಲ್ಲೇ ಕೂತಿರುತ್ತದೆ.

ಹಾಗಾದರೆ 20 ಅಡಿಯದು ತೊಗೊಳ್ಳೋಣ ಅನ್ನಿಸುತ್ತದೆ. ಜಾಗ 28 ಘನ ಮೀಟರ್ ಆಸುಪಾಸು, ಅಂದರೆ ದೊಡ್ಡದರ ಅರ್ಧಕ್ಕಿಂತ ಕಮ್ಮಿ. ಬಾಡಿಗೆ ಮಾತ್ರ ಅರ್ಧಕ್ಕಿಂತ ಜಾಸ್ತಿಯೇ ಇರುತ್ತದೆ. 20 ಅಡಿಯ ರೀಫರ್ ಸಿಗುವುದೂ ಕಡಿಮೆ. ಇಷ್ಟಾದರೂ ಮೊದಲ ಲೋಡಿಗೆ ನಾನು ಅದನ್ನೇ ಹೇಳುತ್ತೇನೆ, ಮುಖ್ಯವಾಗಿ ಸಣ್ಣ ಗುಂಪುಗಳಿಗೆ. ತೋಟದ ಎಲ್ಲ ಹಣ್ಣೂ ಎಕ್ಸ್‌ಪೋರ್ಟ್ ಗ್ರೇಡ್ ಅಲ್ಲ. ಅರ್ಧ ಗ್ರೇಡಿಗೆ ಬಂತು ಅಂದುಕೊಂಡರೂ 40 ಅಡಿ ತುಂಬಲು 28 ಟನ್ ಕೀಳಬೇಕು, ಅದೂ ಎರಡು ಮೂರು ದಿನದಲ್ಲಿ. ಕೂಡಿಸಲಾಗದೆ ಐದು ದಿನ ಎಳೆದರೆ ಮೊದಲ ದಿನದ ಹಣ್ಣಿನ ಆಯುಸ್ಸು ಇಲ್ಲೇ ಕಳೆಯುತ್ತದೆ. ಒಂದೇ ಬಹಾರ್ (ಹೂ ಬಿಡಿಸುವ ಹಂಗಾಮು) ಹಿಡಿದ ನಾಲ್ಕಾರು ತೋಟಗಳು ಅಕ್ಕಪಕ್ಕ ಇದ್ದರೆ 40 ಅಡಿಗೆ ಕೈ ಹಾಕಿ.

ಒಳಗಿನ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಹದ ಮಾಡುವ ದುಬಾರಿ ಕಂಟೈನರುಗಳೂ ಇವೆ. ಗಲ್ಫ್‌ಗೆ ಬೇಕಿಲ್ಲ. ನಾಲ್ಕು ವಾರ ಮೀರುವ ದಾರಿಗೆ ಯೋಚಿಸಬಹುದು.

ಹಂಚಿಕೊಂಡು ಕಳಿಸುವುದು

ತಾಜಾ ಮಾಲಿಗೂ ಫ್ರೋಜನ್ ಮಾಲಿಗೂ ಇಲ್ಲಿ ದಾರಿ ಪೂರ್ತಿ ಬೇರೆ. ತಾಜಾ ಮಾಲನ್ನು ಬೇರೆಯವರ ಜೊತೆ ಒಂದೇ ರೀಫರಿನಲ್ಲಿ ಹಾಕಲು ನನಗೆ ಧೈರ್ಯ ಇಲ್ಲ. ದಾಳಿಂಬೆಗೆ 6 ಡಿಗ್ರಿ, ಮಾವಿಗೆ 12-13. ಈರುಳ್ಳಿಗೆ ಒಣ ಗಾಳಿ, ದಾಳಿಂಬೆಗೆ ತೇವದ ಗಾಳಿ. ಈರುಳ್ಳಿ ವಾಸನೆ ಪಕ್ಕದ ಹಣ್ಣಿಗೆ ಹತ್ತುತ್ತದೆ. ಒಬ್ಬರ ಮಾಲು ತಡವಾದರೆ ಎಲ್ಲರದೂ ತಡ.

ಫ್ರೋಜನ್‌ಗೆ ಈ ತೊಂದರೆ ಇಲ್ಲ. ಪರೋಟ, ಬಟಾಣಿ, ಇಡ್ಲಿ, ಹೋಳಿಗೆ ಎಲ್ಲಕ್ಕೂ ಮೈನಸ್ 18. ಬೆಂಗಳೂರು, ಮುಂಬೈ ಕಡೆಯ ಎಕ್ಸ್‌ಪೋರ್ಟರುಗಳು ಹತ್ತಾರು ಬಗೆ ಸೇರಿಸಿ ಒಂದು ಕಂಟೈನರ್ ಮಾಡುತ್ತಾರೆ. ದಾವಣಗೆರೆ ಅಕ್ಕನಿಗೆ ನಾನು ಹೇಳಿದ್ದು ಇದನ್ನೇ. ಅವರ ಮನೆ ಜಗುಲಿಯಲ್ಲಿ ಕೂತು ಲೆಕ್ಕ ಹಾಕಿದೆವು. 20 ಅಡಿ ರೀಫರಿಗೆ 10 ಟನ್ ಹೋಳಿಗೆ ಅಂದುಕೊಂಡರೆ 400 ಗ್ರಾಂನ 25,000 ಪ್ಯಾಕೆಟ್. ಪ್ಯಾಕೆಟ್ಟಿಗೆ ಐದರಂತೆ ಒಂದೂಕಾಲು ಲಕ್ಷ ಹೋಳಿಗೆ. ಅವರಲ್ಲಿ ದಿನಕ್ಕೆ 2,000 ಆಗುತ್ತವೆ. ಎರಡು ತಿಂಗಳು ಬೇಕು! ಅಷ್ಟು ದಿನ ಮಾಲನ್ನು ಮೈನಸ್ 18ರಲ್ಲಿ ಇಡುವ ಕೋಣೆಯ ಬಾಡಿಗೆ ಬೇರೆ. ಬೇರೆಯವರ ಕಂಟೈನರಿನಲ್ಲಿ ಒಂದೆರಡು ಪ್ಯಾಲೆಟ್ ಜಾಗ ಸಿಕ್ಕರೆ ಒಂದು ವಾರದ ಕೆಲಸ.

ಅಕ್ಕನಿಗೆ ಇನ್ನೆರಡು ಮಾತು ಹೇಳಿದೆ. ಮನೆಯ ಡೀಪ್ ಫ್ರೀಜರಿನಲ್ಲಿ ನಿಧಾನವಾಗಿ ಹೆಪ್ಪುಗಟ್ಟಿದ ಹೋಳಿಗೆಯಲ್ಲಿ ದೊಡ್ಡ ದೊಡ್ಡ ಹಿಮದ ಹರಳು ಬೆಳೆಯುತ್ತವೆ. ಹೆಂಚಿಗೆ ಹಾಕಿದಾಗ ಕಣಕ ಹರಿದು ಹೂರಣ ಹೊರಗೆ ಬರುತ್ತದೆ. ಮೈನಸ್ 35ರ ಆಸುಪಾಸಿನ ಬ್ಲಾಸ್ಟ್ ಫ್ರೀಜರಿನಲ್ಲಿ ಬೇಗ ಹೆಪ್ಪುಗಟ್ಟಿದ್ದು ಹಾಗಾಗುವುದಿಲ್ಲ. ಅದನ್ನು ಕೊಳ್ಳಬೇಕಿಲ್ಲ, ಬಾಡಿಗೆಗೆ ಸಿಗುವ ಕಡೆ ಮಾಡಿಸಬಹುದು. ಇನ್ನೊಂದು ತುಪ್ಪದ ವಿಷಯ. ಹಾಲು, ಬೆಣ್ಣೆ, ತುಪ್ಪ ಸೇರಿದ ತಿನಿಸಿಗೆ ಯುರೋಪಿನ ನಿಯಮ ಬಹಳ ಬಿಗಿ. ಮುಂದೆ ಆ ಕಡೆ ಕಳಿಸುವ ಯೋಚನೆ ಇದ್ದರೆ ಎಣ್ಣೆಯ ಹೋಳಿಗೆ ಈಗಲೇ ಹದ ಮಾಡಿಟ್ಟುಕೊಳ್ಳಿ. ಅಮೆರಿಕಕ್ಕಾದರೆ ತಯಾರಿಸುವ ಜಾಗವನ್ನು ಅಲ್ಲಿನ ಆಹಾರ, ಔಷಧ ಇಲಾಖೆ ಎಫ್‌ಡಿಎಯಲ್ಲಿ ನೋಂದಾಯಿಸಬೇಕು, ಪ್ರತಿ ಲೋಡಿಗೂ ಮುಂಚೆಯೇ ತಿಳಿಸಬೇಕು.

ದಾಳಿಂಬೆಯವರಿಗೂ ಫ್ರೋಜನ್ ಒಂದು ಬಾಗಿಲು. ಸಿಪ್ಪೆ ಬಿರಿದ, ಕಲೆ ಬಿದ್ದ ಹಣ್ಣಿನ ಒಳಗೆ ಕಾಳು ಎಷ್ಟೋ ಸಲ ಚಿನ್ನದಂತೆ ಇರುತ್ತದೆ. ಬಿಡಿಸಿ, ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸಿದರೆ ಅದಕ್ಕೂ ಹೊರದೇಶದಲ್ಲಿ ಗಿರಾಕಿ ಇದ್ದಾರೆ. ಘಟಕ ಹಾಕುವುದು ಸಣ್ಣ ಗುಂಪಿನ ಕೈಯಲ್ಲಿ ಆಗುವ ಮಾತಲ್ಲ. ಇರುವ ಘಟಕಕ್ಕೆ ಆ ಹಣ್ಣು ಕೊಡಬಹುದು.

ಯಾವ ಬಂದರು?

ದಾವಣಗೆರೆಯಿಂದ ನಕ್ಷೆ ನೋಡಿದರೆ ಮಂಗಳೂರು ಹತ್ತಿರ, ಮುಂಬೈ ಪಕ್ಕದ ನ್ಹಾವಾ ಶೇವಾ ಸುಮಾರು 700 ಕಿಲೋಮೀಟರ್ ದೂರ. ಆದರೂ ತಾಜಾ ಹಣ್ಣಿಗೆ ನಾನು ನ್ಹಾವಾ ಶೇವಾಕ್ಕೇ ಹೋಗುತ್ತೇನೆ. ಗಲ್ಫ್‌ಗೆ ಅಲ್ಲಿಂದ ವಾರಕ್ಕೆ ಹಲವು ನೇರ ಹಡಗು, ಸಮುದ್ರದ ಮೇಲೆ ಮೂರರಿಂದ ಐದು ದಿನ. ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ. ಹುಬ್ಬಳ್ಳಿ, ಬೆಳಗಾವಿ, ಪುಣೆ ದಾಟಿ ಹೋಗುವ ರಸ್ತೆಯೂ ಒಂದೇ ಸಮ. ದಾರಿಯಲ್ಲಿ ರೀಫರಿಗೆ ಕರೆಂಟ್ ಕೊಡುವ ಜೆನ್‌ಸೆಟ್ ಓಡುತ್ತಲೇ ಇರಬೇಕು. ಡೀಸೆಲ್ ಉಳಿಸಲು ಊಟಕ್ಕೆ ನಿಂತಲ್ಲಿ ಆರಿಸುವವರಿದ್ದಾರೆ. ಫ್ರೋಜನ್ ಮಾಲು ಕೆಲವು ಗಂಟೆ ತಡೆದುಕೊಳ್ಳುತ್ತದೆ, ಉಸಿರಾಡುವ ಹಣ್ಣು ತಡೆಯುವುದಿಲ್ಲ.

ಮಂಗಳೂರಿಗೆ ಘಟ್ಟ ಇಳಿಯಬೇಕು. ಆಗುಂಬೆಯ ತಿರುವುಗಳಲ್ಲಿ ಕಂಟೈನರ್ ಟ್ರೈಲರ್ ಇಳಿಯುವ ಹಾಗಿಲ್ಲ. ಹಾಸನ, ಸಕಲೇಶಪುರ ಸುತ್ತಿ ಶಿರಾಡಿ ಹಿಡಿದರೆ ಮಳೆಗಾಲದಲ್ಲಿ ಗುಡ್ಡ ಕುಸಿತದ ಭಯ. ಹಡಗುಗಳೂ ಕಡಿಮೆ. ಎಷ್ಟೋ ಕಂಟೈನರುಗಳು ಕೊಲಂಬೊಗೆ ಹೋಗಿ ಅಲ್ಲಿ ದೊಡ್ಡ ಹಡಗಿಗೆ ಬದಲಾಗುತ್ತವೆ. ಆದರೆ ಫ್ರೋಜನ್ ಮಾಲಿಗೆ ಒಂದು ವಾರ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ. ಅಲ್ಲಿಂದ ಹೆಪ್ಪುಗಟ್ಟಿದ ಮೀನು ಹೊರಡುವುದರಿಂದ ರೀಫರ್ ಕೆಲಸ ಗೊತ್ತಿರುವ ಜನ ಇದ್ದಾರೆ. ಬೇಸಿಗೆಯಲ್ಲಿ ಇಡೀ ಕಂಟೈನರ್ ಫ್ರೋಜನ್ ಕಳಿಸುವವರು ಅಲ್ಲಿನ ದರವನ್ನೂ ಕೇಳಿ.

ಸಿಂಗಪುರ, ಮಲೇಷ್ಯಾ ಕಡೆಗೆ ಚೆನ್ನೈ ಸಹಜ. ಯುರೋಪಿಗೆ ಲೆಕ್ಕವೇ ಬದಲಾಗಿದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿ ಶುರುವಾದ ಮೇಲೆ ಬಹಳ ಹಡಗುಗಳು ಆಫ್ರಿಕಾದ ತುದಿ ಸುತ್ತಿ ಹೋಗತೊಡಗಿದವು, ಹತ್ತು ದಿನದಿಂದ ಎರಡು ವಾರ ಜಾಸ್ತಿ. ಬುಕ್ ಮಾಡುವ ದಿನ ಹಡಗು ಯಾವ ದಾರಿ ಅಂತ ಕೇಳಿಯೇ ದುಡ್ಡು ಕಟ್ಟಿ. ಯುರೋಪಿಗೆ ದಾಳಿಂಬೆ ಕಳಿಸುವವರು ತೋಟವನ್ನು ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಅಪೆಡಾದ ಅನಾರ್‌ನೆಟ್‌ನಲ್ಲಿ ನೋಂದಾಯಿಸಬೇಕು. ಔಷಧಿ ಉಳಿಕೆಯ ಪರೀಕ್ಷೆ ಪಾಸಾಗಬೇಕು. ಅದು ಕೊಯ್ಲಿನ ವಾರದಲ್ಲಿ ಮಾಡುವ ಕೆಲಸ ಅಲ್ಲ, ಹೂವು ಬಿಡುವಾಗಲೇ ಸಿಂಪರಣೆ ಪುಸ್ತಕ ಬರೆಯಬೇಕು.

ಈರುಳ್ಳಿಯ ಹುಡುಗನಿಗೆ

ಚಳ್ಳಕೆರೆಯ ಮುಂಗಾರು ಈರುಳ್ಳಿ ತೇವದ್ದು, ಮಹಾರಾಷ್ಟ್ರದ ಹಿಂಗಾರು ಗಡ್ಡೆಯಂತೆ ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಅದು ಹೋಗಬೇಕಾದ್ದು ಹತ್ತಿರದ ದೇಶದ ಬಂದರಿಗೆ, ಬೇಗ. ಭಾರದ ಮಾಲು, 40 ಅಡಿ ತುಂಬಲು 28 ಟನ್ ತನಕ ಬೇಕು. ಅದಕ್ಕಿಂತ ದೊಡ್ಡ ಅಪಾಯ ಸರ್ಕಾರದ ಆದೇಶ. 2023ರ ಡಿಸೆಂಬರಿನಲ್ಲಿ ರಫ್ತು ನಿಂತೇಹೋಯಿತು. 2024ರ ಮೇನಲ್ಲಿ ಬಾಗಿಲು ತೆರೆದಾಗ ಶೇಕಡ 40ರಷ್ಟು ಸುಂಕ, ಸೆಪ್ಟೆಂಬರಿನಲ್ಲಿ ಶೇಕಡ 20. ಸುಂಕ ಪೂರ್ತಿ ಹೋದದ್ದು 2025ರ ಏಪ್ರಿಲ್ 1ರಂದು. ಸಾಲ ಮಾಡಿ ಕಂಟೈನರ್ ತುಂಬುವವನಿಗೆ ಇದು ತಡೆಯದ ಪೆಟ್ಟು. ಈ ವರ್ಷ ಚೆನ್ನೈಯಿಂದ ಕಳಿಸುವ ಎಕ್ಸ್‌ಪೋರ್ಟರಿಗೆ ಹೊಲದ ಬದುವಿನಲ್ಲೇ ಮಾರು, ಲೋಡಿಂಗ್‌ಗೆ ಜೊತೆಯಲ್ಲಿ ನಿಂತು ಕಲಿ, ರಫ್ತಿಗೆ ಬೇಕಾದ ಐಇಸಿ ನಂಬರ್ ಮಾಡಿಸಿಟ್ಟುಕೋ ಅಂದೆ. ಅವನ ಮುಖ ಸ್ವಲ್ಪ ಬಾಡಿತು. ಆದರೂ ನನ್ನ ಸಲಹೆ ಅದೇ.

ವಿಮೆಯ ಸಣ್ಣ ಅಕ್ಷರ

ಫ್ರೋಜನ್ ಮಾಲಿನ ಸಾಮಾನ್ಯ ವಿಮೆ ಷರತ್ತಿನಲ್ಲಿ ಯಂತ್ರ ಸತತ 24 ಗಂಟೆ ನಿಂತರೆ ಮಾತ್ರ ಪರಿಹಾರ ಅಂತ ಬರೆದಿರುತ್ತದೆ. 20 ಗಂಟೆ ನಿಂತು ಮತ್ತೆ ಓಡಿದರೆ ನಷ್ಟ ನಿಮ್ಮದೇ. ಬಿಸಿ ಮಾಲು ತುಂಬಿದ್ದಕ್ಕೆ ಯಾವ ವಿಮೆಯೂ ಬರುವುದಿಲ್ಲ. ಲಾಗರ್ ಎರಡು ಇಡಿ. ಒಂದು ಬಾಗಿಲ ಹತ್ತಿರ, ಇನ್ನೊಂದು ನಡು ಪ್ಯಾಲೆಟ್ಟಿನ ಒಡಲಲ್ಲಿ. ಅವುಗಳ ನಂಬರನ್ನು ಪ್ಯಾಕಿಂಗ್ ಲಿಸ್ಟಿನಲ್ಲಿ ಬರೆಯಿರಿ. ಜಗಳ ಬಂದ ದಿನ ಮಾತಾಡುವುದು ಅವೇ.

ಹಿರಿಯೂರಿನ ಅಣ್ಣ 20 ಅಡಿಗೆ ಒಪ್ಪಿದ್ದಾರೆ, ನ್ಹಾವಾ ಶೇವಾದಿಂದ. ಕೊಯ್ಲು ಬೆಳಿಗ್ಗೆ 9ಕ್ಕೆ ನಿಲ್ಲಿಸುತ್ತೇವೆ ಅಂದಿದ್ದಾರೆ. ಮೊದಲ ಪ್ಯಾಲೆಟ್ ಏರಿಸುವ ಮೊದಲು ನಡುವಿನ ಹಣ್ಣಿಗೆ ಸೂಜಿ ಚುಚ್ಚಿ ಫೋಟೋ ಕಳಿಸಿ ಅಂತ ಕೇಳಿಕೊಂಡಿದ್ದೇನೆ. 7ಕ್ಕಿಂತ ಮೇಲಿದ್ದರೆ ಟ್ರೈಲರ್ ಒಂದು ದಿನ ಕಾಯಲಿ, ಆ ಬಾಡಿಗೆ ಕೊಟ್ಟುಬಿಡೋಣ.